ಬೇಳೆ ಬಿಟ್ಟೆ, ಸೊಪ್ಪು ಬಿಟ್ಟೆ, ಮೊಸರನ್ನೂ ಬಿಟ್ಟೆ. ಯೂರಿಕ್ ಆಸಿಡ್ ಮಾತ್ರ ನನ್ನನ್ನು ಬಿಡುತ್ತಿಲ್ಲ

ಕಬ್ಬಿನಗದ್ದೆ (ಮಂಡ್ಯ), ಜೂನ್ 14, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ವಯಸ್ಸು 46, ತೂಕ 84 ಕಿಲೋ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಈ ವರ್ಷದ ಹೊಸತೊಡಕಿನ ರಾತ್ರಿ ಶುರುವಾದ ಕಥೆ ಇದು. ಮಧ್ಯಾಹ್ನ ಎಲ್ಲರ ಮನೆಯಂತೆ ನಮ್ಮಲ್ಲೂ ಬಾಡೂಟ: ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ. ಸಂಜೆ ಷಡ್ಡಕನ ಜೊತೆ ಎರಡು ಬಿಯರ್. ರಾತ್ರಿ ಎರಡೂವರೆಗೆ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ನೋವು ಎದ್ದಿತು. ಹೊದಿಕೆಯ ಅಂಚು ತಾಗಿದರೂ ಕೂಗಿಕೊಳ್ಳುವಂತಾಯಿತು. ಹಿಮ್ಮಡಿಯ ಮೇಲೆ ಭಾರ ಹಾಕಿ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದೆ. ಬೆಳಗಾಗುವಷ್ಟರಲ್ಲಿ ಕೀಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು; ಚಪ್ಪಲಿಯ ಉಂಗುಟಕ್ಕೆ ಬೆರಳು ತೂರಲಿಲ್ಲ. ಅಮ್ಮ ನೀಲಗಿರಿ ಎಣ್ಣೆ ಹಚ್ಚಿ ತಿಕ್ಕಲು ಬಂದಾಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ 9.2 ಬಂತು. ಗೌಟ್ ಎಂದರು, ಅಂದರೆ ಆ ಆಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂತು ಬರುವ ನೋವು. ಕ್ಲಿನಿಕ್ಕಿನಲ್ಲಿ ಐದು ದಿನದ ನೋವಿನ ಮಾತ್ರೆ ಮತ್ತು ಒಂದು ಚೀಟಿ ಕೊಟ್ಟರು. ಬೇಳೆ, ಕಾಳು, ಪಾಲಕ್, ಅಣಬೆ, ಹೂಕೋಸು, ಟೊಮೆಟೊ, ಮೊಸರು, ಮಾಂಸ, ಮೀನು, ಎಲ್ಲದರ ಮುಂದೆ ಅಡ್ಡಗೆರೆ. ಎರಡು ತಿಂಗಳಿನಿಂದ ಅಕ್ಷರಶಃ ಪಾಲಿಸಿದ್ದೇನೆ. ನಮ್ಮ ಮನೆಯಲ್ಲಿ ಈಗ ಸಾರು ಎಂದರೆ ಹುಣಸೆಹಣ್ಣು, ಮೆಣಸು, ನೀರು. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದರೆ 8.9! ನಡುವೆ ಎರಡು ಸಲ ಸಣ್ಣ ಪ್ರಮಾಣದಲ್ಲಿ ನೋವೂ ಬಂದು ಹೋಯಿತು. ಇನ್ನು ಏನು ಬಿಡುವುದು? ಅನ್ನವನ್ನೇ?

ಸೊಪ್ಪಿನಸಾರು, ರಾತ್ರಿ 9:58

ಮಂಡ್ಯದಲ್ಲಿ ಕಾಳಿಲ್ಲದ ಮನೆಯೇ! ಮೊದಲು ನಿಮ್ಮ ಮನೆಯವರಿಗೆ ಒಂದು ಸನ್ಮಾನ ಮಾಡಿ.

ಪಡುಕಡಲು (ಮಲ್ಪೆ), ರಾತ್ರಿ 10:15

ನಮ್ಮ ತಂದೆಯವರಿಗೆ ಇಪ್ಪತ್ತು ವರ್ಷದಿಂದ ಇದೆ. ಅವರದ್ದು ಮಳೆಗಾಲದ ಕಾಯಿಲೆ ಎಂದೇ ಮನೆಯಲ್ಲಿ ನಂಬಿದ್ದೆವು, ಥಂಡಿಗೆ ಬರುತ್ತದೆ ಎಂದು. ಆಮೇಲೆ ಹೊಳೆಯಿತು. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ದುಬಾರಿ, ಆದ್ದರಿಂದ ಮನೆಯಲ್ಲಿ ದಿನವೂ ಒಣಮೀನು. ಒಣಗಿಸಿದಾಗ ಹೋಗುವುದು ನೀರು ಮಾತ್ರ. ಉಳಿದದ್ದೆಲ್ಲ ಸಣ್ಣ ತುಂಡಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮಳೆ ಮುಗಿದ ಮೇಲೆ ಬೂತಾಯಿ ರಾಶಿ ರಾಶಿ ಬರುವಾಗ ಇನ್ನೊಂದು ಸುತ್ತು. ಬೂತಾಯಿ, ಬಂಗುಡೆ, ಸೀಗಡಿ, ಮರುವಾಯಿ ಇವು ಅವರಿಗೆ ಆಗುವುದಿಲ್ಲ. ಬೇಳೆ ಸಾರಿನಿಂದ ಒಂದು ದಿನವೂ ತೊಂದರೆಯಾಗಿಲ್ಲ.

ಮೇಷ್ಟ್ರು (ಧಾರವಾಡ), ರಾತ್ರಿ 10:40

ಇದೇನೂ ಹೊಸ ರೋಗವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತಕ್ಕೆಂದೇ ಒಂದು ಅಧ್ಯಾಯವಿದೆ. ಇದಕ್ಕೆ ಆಢ್ಯವಾತ ಎಂಬ ಇನ್ನೊಂದು ಹೆಸರೂ ಇದೆ. ಆಢ್ಯ ಎಂದರೆ ಸಿರಿವಂತ. ಸುಕುಮಾರರಿಗೆ, ರುಚಿಯಾದದ್ದನ್ನು ಉಂಡು ಸುಖವಾಗಿರುವವರಿಗೆ, ಓಡಾಡದೆ ಕೂತಿರುವವರಿಗೆ ಬರುತ್ತದೆ ಎನ್ನುತ್ತಾನೆ ಚರಕ. ಕಾರಣಗಳ ಪಟ್ಟಿಯಲ್ಲಿ ಕುಲತ್ಥ, ಮಾಷ, ನಿಷ್ಪಾವ, ಶಾಕ, ಮಾಂಸ, ಇಕ್ಷು, ದಧಿ, ತಕ್ರ, ಸುರೆ ಎಲ್ಲ ಬರುತ್ತವೆ. ಕನ್ನಡದಲ್ಲಿ ಹೇಳುವುದಾದರೆ ಹುರುಳಿ, ಉದ್ದು, ಅವರೆ, ಸೊಪ್ಪು, ಬಾಡು, ಕಬ್ಬು, ಮೊಸರು, ಮಜ್ಜಿಗೆ, ಹೆಂಡ. ಹೀಗಿರುವಾಗ ನಿಮ್ಮ ಕ್ಲಿನಿಕ್ಕಿನ ಚೀಟಿಯಲ್ಲಿ ತಪ್ಪೇನಿದೆ? ಅಮೃತಬಳ್ಳಿಯ ಕಷಾಯ ಕುಡಿಯಿರಿ, ನಾಲಗೆಗೆ ಕಡಿವಾಣ ಹಾಕಿ, ತಾನಾಗಿಯೇ ಇಳಿಯುತ್ತದೆ.

ಹಳೇರೋಗಿ (ಶಿವಮೊಗ್ಗ), ರಾತ್ರಿ 11:05

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ. ಆದರೆ ಈ "ತಾನಾಗಿಯೇ ಇಳಿಯುತ್ತದೆ" ಎಂಬ ಮಾತನ್ನು ನಂಬಿ ನಾನು ಆರು ವರ್ಷ ಕಳೆದುಕೊಂಡೆ.

ನಾನು ಹುಟ್ಟಾ ಸಸ್ಯಾಹಾರಿ. ಸಾರಾಯಿಯ ವಾಸನೆಯೂ ಗೊತ್ತಿಲ್ಲ. 38ಕ್ಕೆ ಮೊದಲ ಸಲ ಹೆಬ್ಬೆರಳು ಹಿಡಿಯಿತು. ಬೇಳೆ ಬಿಟ್ಟೆ, ಉದ್ದು ಬಿಟ್ಟೆ. ಉದ್ದಿಲ್ಲದ ಇಡ್ಲಿ ತಿಂದಿದ್ದೀರಾ? ನಾನು ತಿಂದಿದ್ದೇನೆ, ಅದನ್ನು ಇಡ್ಲಿ ಎನ್ನಬಾರದು. ತೂಕ ಹತ್ತು ಕಿಲೋ ಇಳಿಯಿತು, ತೊಡೆಯ ಮಾಂಸ ಕರಗಿತು, ಯೂರಿಕ್ ಆಸಿಡ್ 9.6ರಿಂದ 8.8ಕ್ಕೆ ಬಂದು ಅಲ್ಲಿಯೇ ಕೂತಿತು. ನೋವು ಬಂದಾಗಲೆಲ್ಲ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದೆ. ಆರನೆಯ ವರ್ಷ ಮೊಣಕೈ ಹಿಂದೆ ಕಡಲೆಕಾಳಿನಷ್ಟು ದೊಡ್ಡ ಗಂಟು ಬಂತು. ಒಂದು ದಿನ ಅದು ತಾನೇ ಒಡೆದು ಸುಣ್ಣದ ತಿಳಿಯಂಥ ಬಿಳಿ ಪದಾರ್ಥ ಅಂಗಿಗೆ ಅಂಟಿತು. ಹೆಂಡತಿ ಕೀವು ಎಂದುಕೊಂಡಳು. ಕೀವಲ್ಲ, ಯೂರಿಕ್ ಆಸಿಡ್ ಹರಳು. ಅಷ್ಟು ಹೊತ್ತಿಗೆ, ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಕೂಡ ಏರಿತ್ತು, ಅದರಲ್ಲಿ ನೋವಿನ ಮಾತ್ರೆಯ ಪಾಲು ದೊಡ್ಡದು ಎಂದು ಕಿಡ್ನಿ ಡಾಕ್ಟರು ಹೇಳಿದರು. ಈಗ ಆರು ವರ್ಷದಿಂದ ದಿನಕ್ಕೊಂದು ಮಾತ್ರೆ, ಯೂರಿಕ್ ಆಸಿಡ್ 5ರ ಒಳಗೆ. ಉದ್ದಿನ ವಡೆ ತಿನ್ನುತ್ತೇನೆ.

ಮೇಷ್ಟ್ರು (ಧಾರವಾಡ), ರಾತ್ರಿ 11:12

ಒಬ್ಬರ ಅನುಭವ ಶಾಸ್ತ್ರವಾಗುವುದಿಲ್ಲ.

ಹಳೇರೋಗಿ (ಶಿವಮೊಗ್ಗ), ರಾತ್ರಿ 11:13

ನನ್ನ ಮೊಣಕೈಗೆ ಹೇಳಿ.

ಚೆರ್ರಿಮರ (ನ್ಯೂಜೆರ್ಸಿ), ರಾತ್ರಿ 11:40

ಇಲ್ಲಿ ಎಲ್ಲರೂ ಚೆರ್ರಿ ಹಣ್ಣು ತಿನ್ನಲು ಹೇಳುತ್ತಾರೆ. ನಾನೂ ತಿಂದೆ, ನೋವಿನ ಸರದಿ ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು. ಊರಿಗೆ ಬಂದಾಗ ಸಿಗುವ ಸಕ್ಕರೆ ಪಾಕದ ಕೆಂಪು ಚೆರ್ರಿ ಅದಲ್ಲ, ದಯವಿಟ್ಟು ಬೇಕರಿಗೆ ಓಡಬೇಡಿ. ಅದು ಬಣ್ಣ ಹಾಕಿದ ಕರವಂದದ ಕಾಯಿ.

ಸೊಪ್ಪಿನಸಾರು, ರಾತ್ರಿ 11:44

ಬನ್ನಿನ ಮೇಲಿನ ಚೆರ್ರಿ ಕವಳಿಕಾಯಿಯೇ? ಬಾಲ್ಯವೇ ಕುಸಿದು ಬಿತ್ತು.

ಬನಶಂಕರಿ, ಜೂನ್ 15, ಬೆಳಿಗ್ಗೆ 6:30

ನನಗೂ ಯೂರಿಕ್ ಆಸಿಡ್ 7.1. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತದೆ. ಇಡೀ ದೇಹದ ತಪಾಸಣೆ ರಿಯಾಯಿತಿಯಲ್ಲಿದೆ ಎಂದು ಮಾಡಿಸಿದ್ದೆ, ಅದರಲ್ಲಿ ಕೆಂಪು ಅಕ್ಷರದಲ್ಲಿ ಬಂದಿದೆ. ನಾನೂ ಬೇಳೆ ಬಿಡಬೇಕೆ?

ಔಷಧಿಅಂಗಡಿ (ದಾವಣಗೆರೆ), ಬೆಳಿಗ್ಗೆ 8:20

ಬನಶಂಕರಿಯವರೇ, ನೀವು ವಿವರಿಸಿದ್ದು ಅಂಗಾಲಿನ ಪೊರೆ ಬಿಗಿಯುವ ತೊಂದರೆಯಂತಿದೆ, ಗೌಟ್ ಅಲ್ಲ. ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ. ಹಿಮ್ಮಡಿ ನೋವು, ಸೊಂಟ ನೋವು, ಕೈ ಜುಮುಗುಡುವುದು ಎಲ್ಲವನ್ನೂ ಯೂರಿಕ್ ಆಸಿಡ್ಡಿನ ತಲೆಗೆ ಕಟ್ಟುವುದನ್ನು ದಿನವೂ ನೋಡುತ್ತೇನೆ.

ಕಬ್ಬಿನಗದ್ದೆಯವರೇ, ನಿಮಗೆ ಎರಡು ಪ್ರಶ್ನೆ. ಬಿಪಿ ಇದೆಯೇ? ಇದ್ದರೆ ಯಾವ ಮಾತ್ರೆ? ಇನ್ನೊಂದು, ಊಟದ ಪಟ್ಟಿ ಕೊಟ್ಟಿರಿ, ಕುಡಿಯುವುದರ ಪಟ್ಟಿ ಕೊಡಲಿಲ್ಲ.

ಕಬ್ಬಿನಗದ್ದೆ (ಮಂಡ್ಯ), ಬೆಳಿಗ್ಗೆ 8:55

ಬಿಯರ್ ಅಂದೇ ಕೊನೆ, ಅಮ್ಮನ ಮೇಲಾಣೆ. ಬಿಪಿಗೆ ಮೂರು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ, ಹೆಸರು ಸಂಜೆ ನೋಡಿ ಹೇಳುತ್ತೇನೆ. ಕಾಫಿ ಎರಡು ಲೋಟ. ನೀರು ಚೆನ್ನಾಗಿ ಕುಡಿಯುತ್ತೇನೆ. ಮೈ ತಂಪಾಗಲೆಂದು ಸಂಜೆ ಕಚೇರಿ ಬಿಟ್ಟ ಮೇಲೆ ಕಬ್ಬಿನ ಹಾಲು ಕುಡಿಯುತ್ತೇನೆ. ಶುಂಠಿ, ನಿಂಬೆ ಹಾಕಿಸಿ. ದೊಡ್ಡ ಲೋಟ.

ಔಷಧಿಅಂಗಡಿ (ದಾವಣಗೆರೆ), ಬೆಳಿಗ್ಗೆ 8:58

ದಿನವೂ?

ಕಬ್ಬಿನಗದ್ದೆ (ಮಂಡ್ಯ), ಬೆಳಿಗ್ಗೆ 9:01

ದಿನವೂ. ಊಟದಲ್ಲಿ ಏನೂ ಉಳಿದಿಲ್ಲವಲ್ಲ, ಬಾಯಿಗೆ ಅದೊಂದೇ ಸುಖ. ನಡುವೆ ಬಿಸಿಲು ಜೋರಾಗಿದ್ದಾಗ ಎರಡು ಲೋಟ ಆದದ್ದೂ ಇದೆ.

ಪಡುಕಡಲು (ಮಲ್ಪೆ), ಬೆಳಿಗ್ಗೆ 9:03

ಹೆಸರಲ್ಲೇ ಇತ್ತಲ್ಲ ಮಾರಾಯರೇ ಸುಳಿವು!

ಮೇಷ್ಟ್ರು (ಧಾರವಾಡ), ಬೆಳಿಗ್ಗೆ 9:20

ಇಕ್ಷು ಎಂದು ನಿನ್ನೆ ರಾತ್ರಿಯೇ ಬರೆದಿದ್ದೆ. ಯಾರೂ ಗಮನಿಸಲಿಲ್ಲ.

ಸೊಪ್ಪಿನಸಾರು, ಬೆಳಿಗ್ಗೆ 9:22

ಮೇಷ್ಟ್ರೇ, ನೀವು ಅದರ ಅಕ್ಕಪಕ್ಕ ಹತ್ತು ಪದಾರ್ಥ ಬರೆದಿದ್ದಿರಿ. ಇಡೀ ಅಂಗಡಿಯನ್ನೇ ಹೆಸರಿಸಿದರೆ ಒಂದಾದರೂ ಸರಿಹೋಗಲೇಬೇಕು.

ಜಿಮ್‌ಗೆಳೆಯ, ಬೆಳಿಗ್ಗೆ 10:10

ಕಬ್ಬಿನ ಹಾಲು ನೈಸರ್ಗಿಕ ಅಲ್ಲವೇ? ಸಕ್ಕರೆ ಬೇರೆ, ಕಬ್ಬು ಬೇರೆ. ನನ್ನ ಪ್ರಕಾರ ಮೂರು ದಿನ ನೀರು ಮಾತ್ರ ಕುಡಿದು ಉಪವಾಸ ಮಾಡಿದರೆ ಎಲ್ಲ ತೊಳೆದು ಹೋಗುತ್ತದೆ. ನಾನು ತಿಂಗಳಿಗೊಮ್ಮೆ ಮಾಡುತ್ತೇನೆ.

ರಾತ್ರಿಪಾಳಿ, ಜೂನ್ 15, ಮಧ್ಯಾಹ್ನ 2:35

ನಾನು ವೈದ್ಯೆ, ಜನರಲ್ ಮೆಡಿಸಿನ್. ರಾತ್ರಿ ಡ್ಯೂಟಿ ಮುಗಿಸಿ ಮಲಗಿ ಎದ್ದು ನೋಡಿದರೆ ಇಲ್ಲಿ ಉಪವಾಸದವರೆಗೆ ಬಂದು ನಿಂತಿದೆ. ದಯವಿಟ್ಟು ಬೇಡ. ಉಪವಾಸದಲ್ಲಿ ಕೊಬ್ಬು ಕರಗಿ ಕೀಟೋನ್ ಹುಟ್ಟುತ್ತದೆ. ಅದೂ ಯೂರಿಕ್ ಆಸಿಡ್ಡೂ ಮೂತ್ರಪಿಂಡದ ಒಂದೇ ಬಾಗಿಲಿನಿಂದ ಹೊರಗೆ ಹೋಗಬೇಕು, ಯೂರಿಕ್ ಆಸಿಡ್ ಒಳಗೇ ಉಳಿಯುತ್ತದೆ. ಕಠಿಣ ಉಪವಾಸದ ಮೂರನೆಯ ದಿನ ಕಾಲು ಊದಿಸಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ತೂಕ ಇಳಿಸಿ, ಆದರೆ ನಿಧಾನವಾಗಿ.

ಈಗ ಕಬ್ಬು. ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಈ ಫ್ರಕ್ಟೋಸ್ ಯಕೃತ್ತಿಗೆ ಒಮ್ಮೆಲೇ ನುಗ್ಗಿದಾಗ ಅಲ್ಲಿನ ಜೀವಕೋಶಗಳು ಅದನ್ನು ಅರಗಿಸಲು ತಮ್ಮ ಶಕ್ತಿಯ ದಾಸ್ತಾನನ್ನು ಸರಸರನೆ ಖರ್ಚು ಮಾಡುತ್ತವೆ. ಆ ಖರ್ಚಿನ ಹೊಟ್ಟು ಪ್ಯೂರಿನ್, ಪ್ಯೂರಿನ್ನಿನ ಕೊನೆ ಯೂರಿಕ್ ಆಸಿಡ್. ಅಂದರೆ ಮಾಂಸದ ಚೂರೂ ಇಲ್ಲದ ಲೋಟದಿಂದಲೂ ಯೂರಿಕ್ ಆಸಿಡ್ ಏರಬಲ್ಲದು. ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ ಏನಿಲ್ಲವೆಂದರೂ ಆರೇಳು ಚಮಚ ಸಕ್ಕರೆ ಇರುತ್ತದೆ. ಸಕ್ಕರೆಯ ತಂಪು ಪಾನೀಯವನ್ನು ದಿನಕ್ಕೆ ಎರಡು ಅಥವಾ ಹೆಚ್ಚು ಕುಡಿಯುವ ಗಂಡಸರಲ್ಲಿ, ತಿಂಗಳಿಗೆ ಒಂದೂ ಕುಡಿಯದವರಿಗಿಂತ ಗೌಟ್ ಶೇ. 85ರಷ್ಟು ಹೆಚ್ಚು ಕಂಡುಬಂದಿತು ಎಂದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹೇಳಿತು. ಬೆಲ್ಲ, ಜೇನು, ಪೆಟ್ಟಿಗೆಯ ಮಾವಿನ ರಸ ಯಾವುದಕ್ಕೂ ವಿನಾಯಿತಿ ಇಲ್ಲ. ಇಡೀ ಹಣ್ಣು ತಿನ್ನುವುದು ಬೇರೆ ವಿಷಯ, ಅದಕ್ಕೆ ಹೆದರಬೇಕಾಗಿಲ್ಲ.

ಬೇಳೆಯ ಮಾತು. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಹಿಂಬಾಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 730 ಜನರಿಗೆ ಹೊಸದಾಗಿ ಗೌಟ್ ಬಂತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಹೆಚ್ಚು. ಕಾಳು, ಪಾಲಕ್, ಅಣಬೆ, ಹೂಕೋಸಿನಂಥ ಪ್ಯೂರಿನ್ ಇರುವ ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲಿನ ಪದಾರ್ಥ, ಅದರಲ್ಲೂ ಕೊಬ್ಬು ಕಡಿಮೆ ಇರುವುದನ್ನು ತೆಗೆದುಕೊಂಡವರಲ್ಲಿ ಗೌಟ್ ಕಡಿಮೆಯೇ ಇತ್ತು. ಕೆನೆ ತೆಗೆದ ಮಜ್ಜಿಗೆ ಕುಡಿಯಬೇಕಾದವರಿಗೆ ಮಜ್ಜಿಗೆಯನ್ನೇ ಬಿಡಿಸಿ ಕಬ್ಬಿನ ಅಂಗಡಿಗೆ ಕಳುಹಿಸಿದ್ದಾರೆ, ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಮೇಷ್ಟ್ರು (ಧಾರವಾಡ), ಮಧ್ಯಾಹ್ನ 3:10

ಡಾಕ್ಟರೇ, ಅಮೆರಿಕದವರ ತಟ್ಟೆಯಲ್ಲಿ ಕಾಳು ಎಷ್ಟಿರುತ್ತದೆ? ನಮ್ಮವರು ಮೂರು ಹೊತ್ತೂ ಬೇಳೆ ತಿನ್ನುವವರು. ಅವರ ಲೆಕ್ಕ ನಮಗೆ ಹೇಗೆ ಹೊಂದುತ್ತದೆ?

ರಾತ್ರಿಪಾಳಿ, ಮಧ್ಯಾಹ್ನ 3:40

ನ್ಯಾಯವಾದ ಪ್ರಶ್ನೆ ಮೇಷ್ಟ್ರೇ, ಪೂರ್ತಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ತಟ್ಟೆಯ ಲೆಕ್ಕವನ್ನೇ ನೋಡಿ. ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ ನಾಲ್ಕು ಜನರ ಹುಳಿ ಆಗುತ್ತದೆ. ನೂರು ಗ್ರಾಂ ಲಿವರನ್ನು ಒಬ್ಬರೇ ಹುರಿದುಕೊಂಡು ತಿನ್ನುತ್ತಾರೆ, ಅದರ ಪ್ಯೂರಿನ್ ಬೇಳೆಗಿಂತ ಹಲವು ಪಟ್ಟು. ಯಾರಿಗಾದರೂ ಒಂದು ಕಾಳು ತಿಂದ ಮರುದಿನವೇ ಪ್ರತಿ ಸಲ ನೋವು ಬರುತ್ತಿದ್ದರೆ ಆ ಒಂದನ್ನು ಬಿಡಲಿ. ಇಡೀ ಊರಿಗೆ ಒಂದೇ ಚೀಟಿ ಅಚ್ಚು ಹಾಕಿಸಿ ಹಂಚುವುದಕ್ಕೆ ನನ್ನ ತಕರಾರು.

ಇನ್ನೊಂದು, ಊಟದಿಂದ ಬರುವ ಯೂರಿಕ್ ಆಸಿಡ್ ಒಟ್ಟಿನಲ್ಲಿ ಮೂರನೆಯ ಒಂದು ಭಾಗವಷ್ಟೇ. ಉಳಿದ ಎರಡು ಭಾಗ ನಮ್ಮದೇ ಜೀವಕೋಶಗಳು ಹಳತಾಗಿ ಒಡೆಯುವಾಗ ಹುಟ್ಟುವುದು. ಬಹುತೇಕ ರೋಗಿಗಳಲ್ಲಿ ಮೂಲ ತೊಂದರೆ ಹುಟ್ಟುವುದರಲ್ಲಿ ಅಲ್ಲ, ಮೂತ್ರಪಿಂಡ ಅದನ್ನು ಹೊರಹಾಕುವುದರಲ್ಲಿ, ಅದು ವಂಶದಿಂದಲೂ ಬರುತ್ತದೆ. ಹಾಗಾಗಿ ಕಟ್ಟುನಿಟ್ಟಿನ ಪಥ್ಯದಿಂದಲೂ ಸಾಮಾನ್ಯವಾಗಿ ಇಳಿಯುವುದು ಒಂದು ಅಂಕದ ಆಸುಪಾಸು. ಹಳೇರೋಗಿಯವರಿಗೆ 9.6ರಿಂದ 8.8ಕ್ಕೆ ಇಳಿದದ್ದು ಅವರ ಪಥ್ಯದ ಸೋಲಲ್ಲ, ಪಥ್ಯಕ್ಕೆ ಇರುವ ಶಕ್ತಿಯೇ ಅಷ್ಟು.

ಹಳೇರೋಗಿ (ಶಿವಮೊಗ್ಗ), ಮಧ್ಯಾಹ್ನ 3:52

ಈ ಒಂದು ಮಾತನ್ನು ಆಗ ಯಾರಾದರೂ ಹೇಳಿದ್ದರೆ! ಆರು ವರ್ಷ ನನ್ನದೇ ನಾಲಗೆಯ ತಪ್ಪು ಎಂದುಕೊಂಡಿದ್ದೆ. ಮದುವೆ ಮನೆಯಲ್ಲಿ ಒಂದು ತುತ್ತು ಬಿಸಿಬೇಳೆಭಾತ್ ತಿಂದು ರಾತ್ರಿಯೆಲ್ಲ ಕಾಲು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೇನೆ.

ಮಲ್ಲಿಗೆಬಳ್ಳಿ, ಸಂಜೆ 5:05

ಡಾಕ್ಟರ್ ಮೇಡಂ, ನಮ್ಮ ಅತ್ತೆಯವರಿಗೆ 67. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ಕೈಬೆರಳಿನ ಗಿಣ್ಣು ಊದಿತು. ಎಲ್ಲರೂ ಸಂಧಿವಾತ ಎಂದರು, ಹೆಂಗಸರಿಗೆ ಗೌಟ್ ಬರುವುದಿಲ್ಲ ಎಂದೂ ಒಬ್ಬರು ಹೇಳಿದರು. ಕೊನೆಗೆ ಕೀಲಿನ ನೀರು ತೆಗೆದು ನೋಡಿದಾಗ ಹರಳು ಸಿಕ್ಕಿತು. ಅವರು ಕಾಲಿನ ಊತಕ್ಕೆ ನೀರು ಇಳಿಸುವ ಮಾತ್ರೆ ನುಂಗುತ್ತಿದ್ದರು.

ರಾತ್ರಿಪಾಳಿ, ಸಂಜೆ 5:30

ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇರುವವರೆಗೆ ಅದು ಯೂರಿಕ್ ಆಸಿಡ್ಡನ್ನು ಹೊರಗೆ ಕಳುಹಿಸಲು ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಆ ರಕ್ಷಣೆ ಹೋಗುತ್ತದೆ. ನೀರಿನ ಮಾತ್ರೆ ಸೇರಿದರೆ ಕೇಳುವುದೇ ಬೇಡ. ಕೀಲಿನ ನೀರು ತೆಗೆದು ನೋಡಿದವರು ಸರಿಯಾದ ಕೆಲಸ ಮಾಡಿದ್ದಾರೆ, ಸೂಜಿಯಂಥ ಹರಳು ಕಂಡರೆ ಮತ್ತೆ ವಾದವಿಲ್ಲ.

ಔಷಧಿಅಂಗಡಿ (ದಾವಣಗೆರೆ), ಸಂಜೆ 6:15

ಇದಕ್ಕೇ ಬಿಪಿ ಮಾತ್ರೆ ಕೇಳಿದ್ದು. ಕಬ್ಬಿನಗದ್ದೆಯವರೇ, ಮಾತ್ರೆಯ ಹೆಸರಿನ ಕೊನೆಯಲ್ಲಿ "ಎಚ್" ಎಂಬ ಅಕ್ಷರ ಇದೆಯೇ ನೋಡಿ.

ಕಬ್ಬಿನಗದ್ದೆ (ಮಂಡ್ಯ), ಸಂಜೆ 7:20

ಇದೆ. ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಎಂದಿದೆ. ಮಗಳ ಮೊಬೈಲಿನಿಂದ ಚಿತ್ರ ತೆಗೆದು ದೊಡ್ಡದು ಮಾಡಿ ಓದಿದೆ. ಮೂರು ವರ್ಷದಿಂದ ನುಂಗುತ್ತಿರುವ ಮಾತ್ರೆಯ ಹೆಸರನ್ನು ಇವತ್ತು ಮೊದಲ ಸಲ ಓದಿದ್ದು.

ಔಷಧಿಅಂಗಡಿ (ದಾವಣಗೆರೆ), ಸಂಜೆ 7:26

ಆ ಎರಡನೆಯ ಹೆಸರೇ ನೀರಿನ ಮಾತ್ರೆ. ಯೂರಿಕ್ ಆಸಿಡ್ಡನ್ನು ಒಳಗೆ ಹಿಡಿದಿಟ್ಟುಕೊಳ್ಳುವುದಕ್ಕೆ ಹೆಸರುವಾಸಿ. ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಅದು ಬೇರೆಯೇ ಅಪಾಯ. ಬರೆದುಕೊಟ್ಟ ಡಾಕ್ಟರಿಗೆ ಗೌಟ್ ಆಗಿದೆ ಎಂದು ಹೇಳಿ, ಬದಲಿ ಕೇಳಿ.

ರಾತ್ರಿಪಾಳಿ, ರಾತ್ರಿ 8:10

ಔಷಧಿ ಅಂಗಡಿಯವರಿಗೆ ನನ್ನ ನಮಸ್ಕಾರ. ಬದಲಾಯಿಸುವುದಾದರೆ ಲೊಸಾರ್ಟನ್ ಎಂಬ ಬಿಪಿ ಮಾತ್ರೆ ಇದೆ, ಅದು ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುತ್ತದೆ ಕೂಡ. ನಿಮಗೆ ಸರಿಹೋಗುತ್ತದೆಯೇ ಎಂಬುದನ್ನು ನಿಮ್ಮ ಡಾಕ್ಟರು ನಿರ್ಧರಿಸಬೇಕು. ಮೂರು ತಿಂಗಳೊಳಗೆ ಮೂರು ಸಲ ನೋವು ಬಂದಿದೆ ಎಂದರೆ ಯೂರಿಕ್ ಆಸಿಡ್ ಇಳಿಸುವ ದಿನನಿತ್ಯದ ಮಾತ್ರೆಯ ಬಗ್ಗೆಯೂ ಕೇಳಿ. ವರ್ಷಕ್ಕೆ ಎರಡು ಸಲ ಬಂದರೇ ಅದನ್ನು ಶುರುಮಾಡಲು ಕಾರಣ ಸಾಕು.

ಜಿಮ್‌ಗೆಳೆಯ, ರಾತ್ರಿ 8:25

ಆ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು. ನನ್ನ ಚಿಕ್ಕಪ್ಪ ಶುರು ಮಾಡಿದ ಹದಿನೈದೇ ದಿನಕ್ಕೆ ನೋವು ಇನ್ನೂ ಜೋರಾಗಿ ಬಂತು, ಎಸೆದುಬಿಟ್ಟರು.

ಹಳೇರೋಗಿ (ಶಿವಮೊಗ್ಗ), ರಾತ್ರಿ 8:41

ನನಗೂ ಬಂತು. ಡಾಕ್ಟರು ಮೊದಲೇ ಹೇಳಿದ್ದರಿಂದ ಎಸೆಯಲಿಲ್ಲ. ಕೀಲಿನೊಳಗೆ ವರ್ಷಗಟ್ಟಲೆ ಕೂತ ಹರಳು ಕರಗಲು ಶುರುವಾದಾಗ ಅದು ಕದಲುತ್ತದೆ, ಕದಲಿದಾಗ ಮೈ ಅದರ ಮೇಲೆ ಜಗಳಕ್ಕೆ ಬೀಳುತ್ತದೆ. ಅಲೋಪ್ಯುರಿನಾಲ್ ಎಂಬ ಆ ದಿನನಿತ್ಯದ ಮಾತ್ರೆಯನ್ನು ನೂರು ಮಿಲಿಗ್ರಾಮಿನಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ಮೊದಲ ಆರು ತಿಂಗಳು ಜೊತೆಗೆ ನೋವು ಮರುಕಳಿಸದಂತೆ ಕಡಿಮೆ ಪ್ರಮಾಣದ ಕಾಲ್ಚಿಸಿನ್ ಎಂಬ ಮಾತ್ರೆ ಕೊಟ್ಟರು. ಮೈಮೇಲೆ ದದ್ದು ಎದ್ದರೆ ಆ ಕ್ಷಣವೇ ನಿಲ್ಲಿಸಿ ಬನ್ನಿ ಎಂದೂ ಎಚ್ಚರಿಸಿದ್ದರು. ಎರಡನೆಯ ವರ್ಷದಿಂದ ಇಲ್ಲಿಯವರೆಗೆ ಒಂದು ಸಲವೂ ಬಂದಿಲ್ಲ. ಜೀವನಪೂರ್ತಿ ಅಂದಿರಲ್ಲ, ಹಲ್ಲನ್ನೂ ಜೀವನಪೂರ್ತಿ ಉಜ್ಜುತ್ತೇನೆ.

ಮೇಷ್ಟ್ರು (ಧಾರವಾಡ), ರಾತ್ರಿ 9:00

ಕಾಲ್ಚಿಸಿನ್ ನಮ್ಮ ಅಗ್ನಿಶಿಖೆಯ ಗಡ್ಡೆಯಲ್ಲೇ ಇದೆ. ಬೇಲಿ ಬೇಲಿಯಲ್ಲಿ ಕೆಂಪು, ಹಳದಿ ಹೂ ಬಿಡುವ ಬಳ್ಳಿ. ವಿದೇಶಿ ಕಂಪನಿಯ ಮಾತ್ರೆಯೇ ಆಗಬೇಕೆ?

ರಾತ್ರಿಪಾಳಿ, ರಾತ್ರಿ 9:04

ಮೇಷ್ಟ್ರೇ, ಬೇಡ! ಇದ್ದದ್ದು ನಿಜ, ಆ ಬಳ್ಳಿಯ ಬೀಜದಿಂದ ಔಷಧ ತೆಗೆಯುತ್ತಾರೆ, ತಮಿಳುನಾಡಿನಲ್ಲಿ ಅದಕ್ಕೆಂದೇ ಬೆಳೆಯುತ್ತಾರೆ. ಆದರೆ ಗೆಣಸೆಂದು ಭಾವಿಸಿ ಆ ಗಡ್ಡೆ ತಿಂದವರು ಸತ್ತಿದ್ದಾರೆ. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಡಿಮೆ. ಮಾತ್ರೆಯನ್ನೂ ಹಿಂದೆ ಭೇದಿ ಆಗುವವರೆಗೆ ಗಂಟೆಗೊಂದು ಕೊಡುತ್ತಿದ್ದರು, ಈಗ ಆ ಪದ್ಧತಿ ಬಿಟ್ಟಿದ್ದಾರೆ. ಸಣ್ಣ ಪ್ರಮಾಣ, ನೋವು ಶುರುವಾದ ಕೂಡಲೇ. ಅಷ್ಟೇ ಸಾಕು. ಕಿಡ್ನಿ ಸೋತವರಿಗೆ ಅದೂ ಲೆಕ್ಕ ಹಾಕಿಯೇ ಕೊಡಬೇಕು.

ನಿರ್ವಾಹಕ, ರಾತ್ರಿ 9:10

ಅಗ್ನಿಶಿಖೆಯ ಸಲಹೆಯನ್ನು ಯಾರೂ ಪ್ರಯೋಗಿಸಬಾರದು. ಮೇಷ್ಟ್ರ ಬರಹವನ್ನು ಅಳಿಸುತ್ತಿಲ್ಲ, ಕೆಳಗಿನ ಉತ್ತರ ಎಲ್ಲರಿಗೂ ಕಾಣಲಿ ಎಂದು. ಔಷಧಗಳ ಕಂಪನಿ ಹೆಸರು ಬರೆಯಬೇಡಿ.

ಮೇಷ್ಟ್ರು (ಧಾರವಾಡ), ರಾತ್ರಿ 9:31

ತಿನ್ನಿ ಎಂದು ನಾನು ಹೇಳಲಿಲ್ಲ. ಇದೆ ಎಂದೆ. ಆದರೂ ಡಾಕ್ಟರ ಮಾತು ಒಪ್ಪುತ್ತೇನೆ.

ನಾಯಿಮರಿ, ರಾತ್ರಿ 9:50

ಸ್ವಲ್ಪ ವಿಷಯಾಂತರ. ನಮ್ಮ ಡಾಲ್ಮೇಷಿಯನ್ ನಾಯಿಗೆ ಮೂತ್ರದಲ್ಲಿ ಯೂರಿಕ್ ಆಸಿಡ್ ಕಲ್ಲು ಬಂತು. ಬೇರೆ ನಾಯಿಗಳಿಗೆ ಈ ತೊಂದರೆ ಇಷ್ಟಿಲ್ಲ, ಆ ತಳಿಗೇ ಹುಟ್ಟಿನಿಂದ ಬಂದದ್ದು ಎಂದು ಪಶುವೈದ್ಯರು ಹೇಳಿದರು. ಮನುಷ್ಯರ ಕಾಯಿಲೆ ನಾಯಿಗೂ ಅಂಟಿತಲ್ಲ ಎಂದು ಬೇಸರವಾಯಿತು.

ಸೊಪ್ಪಿನಸಾರು, ರಾತ್ರಿ 9:55

ಕಾಗೆ, ಪಾರಿವಾಳ ಸ್ಕೂಟರಿನ ಮೇಲೆ ಬಿಡುವ ಬಿಳಿ ಕೂಡ ಯೂರಿಕ್ ಆಸಿಡ್ಡೇ. ಹಕ್ಕಿಗಳು ನಮ್ಮ ಹಾಗೆ ಮೂತ್ರ ಮಾಡುವುದಿಲ್ಲ.

ಹಳೇರೋಗಿ (ಶಿವಮೊಗ್ಗ), ರಾತ್ರಿ 9:57

ನನ್ನ ಮೊಣಕೈಯಿಂದ ಬಂದದ್ದು ಹಾಗೆಯೇ ಇತ್ತು. ಊಟದ ಹೊತ್ತಿನಲ್ಲಿ ಓದುತ್ತಿರುವವರು ಕ್ಷಮಿಸಿ.

ಕಾಫಿತೋಟ (ಮೂಡಿಗೆರೆ), ರಾತ್ರಿ 10:20

ಕಾಫಿಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ.

ರಾತ್ರಿಪಾಳಿ, ರಾತ್ರಿ 10:26

ಆಡುತ್ತೇನೆ. ಕಾಫಿ ಹೆಚ್ಚು ಕುಡಿಯುವವರಲ್ಲಿ ಗೌಟ್ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಕಬ್ಬಿನಗದ್ದೆಯವರ ಎರಡು ಲೋಟಕ್ಕೆ ನನ್ನ ಅಡ್ಡಿ ಇಲ್ಲ, ಸಕ್ಕರೆ ಕಡಿಮೆ ಇರಲಿ. ನೋವು ಬಂದಾಗ ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಬೇಡ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಆಮೇಲೆ, ನೋವಿನ ದಿನವೇ ರಕ್ತ ಕೊಟ್ಟರೆ ಅಂಕ ಕಡಿಮೆ ಕಾಣಬಹುದು. ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

ಬನಶಂಕರಿ, ರಾತ್ರಿ 10:40

ಹಾಗಾದರೆ ನನ್ನ 7.1?

ರಾತ್ರಿಪಾಳಿ, ರಾತ್ರಿ 10:44

ಕೀಲು ಒಮ್ಮೆಯೂ ಊದಿಲ್ಲ, ಕಲ್ಲು ಬಂದಿಲ್ಲ ಎಂದರೆ ಬರೀ ಅಂಕಕ್ಕೆ ಮಾತ್ರೆ ಬೇಡ. ಚಪ್ಪಲಿ ಬದಲಾಯಿಸಿ. ಬೇಳೆ ತಿನ್ನಿ.

ಕಬ್ಬಿನಗದ್ದೆ (ಮಂಡ್ಯ), ಡಿಸೆಂಬರ್ 21, ರಾತ್ರಿ 8:15

ಹಳೆಯ ಚರ್ಚೆಯನ್ನು ಮೇಲೆತ್ತುತ್ತಿದ್ದೇನೆ. ಫಲಿತಾಂಶ ಹೇಳದೆ ಮಾಯವಾದರೆ ನನಗೇ ಸಿಟ್ಟು ಬರುತ್ತದೆ, ಆದ್ದರಿಂದ.

ಬೇರೊಬ್ಬ ಡಾಕ್ಟರ ಹತ್ತಿರ ಹೋದೆ. ಬಿಪಿ ಮಾತ್ರೆಯ ಹಾಳೆಯ ಹಿಂಭಾಗ ತೋರಿಸಿದಾಗ ಅವರು ಒಂದು ಕ್ಷಣ ಕನ್ನಡಕ ತೆಗೆದು ನನ್ನನ್ನೇ ನೋಡಿದರು, "ಯಾರು ಹೇಳಿದರು ನಿಮಗೆ?" ಎಂದರು. ದಾವಣಗೆರೆಯ ಒಂದು ಔಷಧಿ ಅಂಗಡಿ ಎಂದೆ. ಬಿಪಿ ಮಾತ್ರೆ ಬದಲಾಯಿಸಿದರು. ಕಬ್ಬಿನ ಹಾಲು ಬಿಟ್ಟೆ. ಬೇಳೆ, ಕಾಳು, ಮಜ್ಜಿಗೆ ಮತ್ತೆ ತಟ್ಟೆಗೆ ಬಂದವು. ಎರಡು ತಿಂಗಳಿಗೆ 7.6. ಬೇಳೆ ತಿನ್ನುತ್ತಲೇ ಇಳಿಯಿತು, ಮನೆಯಲ್ಲಿ ಯಾರೂ ನಂಬಲಿಲ್ಲ, ವರದಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ಆದರೆ ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಗೌರಿಹಬ್ಬದ ಹೊತ್ತಿಗೆ ಇನ್ನೊಂದು ಸಲ ನೋವು ಬಂತು. ಆಗ ಅಲೋಪ್ಯುರಿನಾಲ್ ಶುರು ಮಾಡಿದರು. ಹಳೇರೋಗಿಯವರು ಹೇಳಿದಂತೆ ಮೊದಲ ತಿಂಗಳು ಒಮ್ಮೆ ಮಿಣುಕಿತು, ಎಸೆಯಲಿಲ್ಲ. ಮೊನ್ನೆ 5.8. ತೂಕ 79.

ಕಷ್ಟವಾದದ್ದು ಬಾಡೂ ಅಲ್ಲ, ಬಿಯರೂ ಅಲ್ಲ. ಕಚೇರಿಯಿಂದ ಬರುವ ದಾರಿಯಲ್ಲಿ ಕಬ್ಬು ಅರೆಯುವ ಯಂತ್ರದ ಗಾಲಿಗೆ ಗೆಜ್ಜೆ ಕಟ್ಟಿದ್ದಾನೆ, ಅದರ ಸದ್ದು. ಮೊದಲ ಹದಿನೈದು ದಿನ ಹಿಂದಿನ ಬೀದಿಯಲ್ಲಿ ಸುತ್ತಿ ಮನೆಗೆ ಹೋಗುತ್ತಿದ್ದೆ. ಒಂದು ದಿನ ಅವನೇ ಹಿಡಿದು ನಿಲ್ಲಿಸಿ, "ಏನು ಸ್ವಾಮಿ, ಬೇರೆ ಅಂಗಡಿ ಹಿಡಿದಿರಾ?" ಎಂದು ಕೇಳಿದ. ಕಾಲು ತೋರಿಸಿದೆ. "ನಮ್ಮಪ್ಪನಿಗೂ ಇದೇ ಇದೆ" ಎಂದ.

ಔಷಧಿಅಂಗಡಿ (ದಾವಣಗೆರೆ), ರಾತ್ರಿ 8:31

ತುಂಬಾ ಸಂತೋಷ. ಅವರಪ್ಪ ಯಾವ ಬಿಪಿ ಮಾತ್ರೆ ನುಂಗುತ್ತಾರೆ ಕೇಳಿ.

ಮೇಷ್ಟ್ರು (ಧಾರವಾಡ), ರಾತ್ರಿ 8:50

ನಿಷ್ಪಾವದ ಕಾಲ ಬಂದಿದೆ. ಅವರೆಕಾಳು ತಿನ್ನುತ್ತಿದ್ದೀರಾ?

ಕಬ್ಬಿನಗದ್ದೆ (ಮಂಡ್ಯ), ರಾತ್ರಿ 8:54

ಈಗ ಅದನ್ನೇ ಹಿತುಕುತ್ತಾ ಕೂತಿದ್ದೇವೆ ಮೇಷ್ಟ್ರೇ. ಮೂರು ಕಿಲೋ ಕಾಯಿ ತಂದಿದ್ದೇನೆ, ಸೊಗಡು ಚೆನ್ನಾಗಿದೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಮೊಬೈಲಿಗೆಲ್ಲ ಅಂಟಾಗಿದೆ.

ಸೊಪ್ಪಿನಸಾರು, ರಾತ್ರಿ 8:56

ಮೂರು ಕಿಲೋ ಯಾತಕ್ಕೆ ಸಾಲುತ್ತದೆ? ಸುಲಿದು ಹಿತುಕಿದರೆ ಒಂದು ಪಾತ್ರೆ ಸಾರಿಗೂ ಬರುವುದಿಲ್ಲ.